ಹೊಳಪು ಹಾಳೆಯ ಮುಖ: ಭಾವಚಿತ್ರವನ್ನು ತಿದ್ದುವ ವಿಧಾನ

ಪುಸ್ತಕದಂಗಡಿಯ ಮುಂದೆ ಸಾಲಾಗಿ ತೂಗುಹಾಕಿರುವ ಫ್ಯಾಷನ್ ಪತ್ರಿಕೆಗಳ ರಕ್ಷಾಪುಟಗಳನ್ನು ನೋಡದವರು ವಿರಳ. ನುಣುಪಾದ ಕಾಗದದ ಮೇಲೆ ಅಚ್ಚಾಗಿರುವ ಆ ಮುಖಗಳಲ್ಲಿ ಒಂದು ಮೊಡವೆಯಿಲ್ಲ, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಗುರುತಿಲ್ಲ, ತುಟಿಯಂಚಿನಲ್ಲಿ ಒಡಕಿಲ್ಲ, ಹಣೆಯ ಮೇಲೆ ಹಾರಿದ ಒಂದು ಕೂದಲೂ ಇಲ್ಲ. ಇಂಥ ಮುಖವುಳ್ಳವರು ಲೋಕದಲ್ಲಿ ನಿಜವಾಗಿಯೂ ಇದ್ದಾರೆಯೇ ಎಂಬ ಸಂದೇಹ ನೋಡುವವರಿಗೆ ಬರುವುದು ಸಹಜ. ಆ ಚಿತ್ರಕ್ಕೆ ಕುಳಿತ ವ್ಯಕ್ತಿಗೇ ಅಂಥ ಮುಖವಿರುವುದಿಲ್ಲ ಎಂಬುದೇ ಅದಕ್ಕೆ ಉತ್ತರ. ಅಮೆರಿಕದ 'ವೋಗ್' ಪತ್ರಿಕೆಯ 2008ರ ಮಾರ್ಚ್ ಸಂಚಿಕೆಯೊಂದರಲ್ಲಿಯೇ ಪಾಸ್ಕಾಲ್ ಡಾಂಜಾಂ ಎಂಬ ತಜ್ಞರು 144 ಚಿತ್ರಗಳನ್ನು ತಿದ್ದಿದ್ದರೆಂದು ಅದೇ ವರ್ಷ 'ದಿ ನ್ಯೂಯಾರ್ಕರ್' ಪತ್ರಿಕೆ ವರದಿ ಮಾಡಿತು. ಅವುಗಳಲ್ಲಿ 107 ಜಾಹೀರಾತುಗಳು, 36 ಫ್ಯಾಷನ್ ಚಿತ್ರಗಳು, ಉಳಿದ ಒಂದು ರಕ್ಷಾಪುಟ. ಒಂದೇ ಸಂಚಿಕೆಯಲ್ಲಿ ಒಬ್ಬರ ಕೈ ಇಷ್ಟು ಚಿತ್ರಗಳ ಮೇಲೆ ಆಡಿದೆಯೆಂದ ಮೇಲೆ, ಆ ಕೈ ಏನು ಮಾಡುತ್ತದೆ, ಹೇಗೆ ಮಾಡುತ್ತದೆ ಎಂಬುದನ್ನು ತಿಳಿಯುವುದು ಕೇವಲ ಕುತೂಹಲದ ವಿಷಯವಲ್ಲ. ಆ ಪುಟಗಳನ್ನು ನೋಡಿ ಕನ್ನಡಿಯ ಮುಂದೆ ನಿಂತು ಕೊರಗುವ ಎಳೆಯರು ನಮ್ಮ ನಡುವೆಯೂ ಇದ್ದಾರೆ.

ರೀಟಚಿಂಗ್ ಎಂದು ಕರೆಯಲಾಗುವ ಈ ಕೆಲಸ ಕಂಪ್ಯೂಟರಿನೊಂದಿಗೆ ಹುಟ್ಟಿತೆಂದು ಬಹುಮಂದಿ ಭಾವಿಸಿದ್ದಾರೆ. ವಾಸ್ತವವಾಗಿ ಅದು ಛಾಯಾಚಿತ್ರಗ್ರಹಣದಷ್ಟೇ ಹಳೆಯದು. ಡಾಗೇರನ ಪದ್ಧತಿ ಪ್ರಕಟವಾದದ್ದು 1839ರಲ್ಲಿ. ಗಾಜಿನ ಮೇಲೆ ಋಣಪ್ರತಿಯನ್ನು, ಅಂದರೆ ನೆಗೆಟಿವನ್ನು, ತೆಗೆಯುವ ಒದ್ದೆ ಕೊಲೋಡಿಯನ್ ಪದ್ಧತಿಯನ್ನು ಫ್ರೆಡರಿಕ್ ಸ್ಕಾಟ್ ಆರ್ಚರ್ ಪ್ರಕಟಿಸಿದ್ದು 1851ರಲ್ಲಿ. ಮ್ಯೂನಿಕ್ ನಗರದ ಫ್ರಾನ್ಸ್ ಹಾನ್‌ಫ್‌ಸ್ಟೆಂಗ್ಲ್ ಎಂಬಾತ ಒಂದೇ ಭಾವಚಿತ್ರದ ತಿದ್ದದ ಪ್ರತಿ ಮತ್ತು ತಿದ್ದಿದ ಪ್ರತಿ ಎರಡನ್ನೂ 1855ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಅಕ್ಕಪಕ್ಕದಲ್ಲಿಟ್ಟು ತೋರಿಸಿ ಜನರನ್ನು ಬೆರಗುಗೊಳಿಸಿದನೆಂದು ಈ ಕಲೆಯ ಚರಿತ್ರೆಯನ್ನು ಬರೆದವರು ಹೇಳುವುದು ವಾಡಿಕೆ.

ಈ ತಿದ್ದುವಿಕೆಗೆ ಮೊದಲ ಕಾರಣ ಮನುಷ್ಯನ ಅಹಂಕಾರವಲ್ಲ, ಗಾಜಿನ ತಟ್ಟೆಯ ದೋಷ. ಆ ಕಾಲದ ರಾಸಾಯನಿಕ ಲೇಪ ನೀಲಿ ಬೆಳಕಿಗೆ ಮಾತ್ರ ಚೆನ್ನಾಗಿ ಸ್ಪಂದಿಸುತ್ತಿತ್ತು. ಕೆಂಪು ಬೆಳಕಿಗೆ ಕುರುಡಾಗಿತ್ತು. ಯುರೋಪಿನವರ ಬಿಳಿಯ ಚರ್ಮದ ಮೇಲಿನ ನಸುಕೆಂಪು ಚುಕ್ಕೆಗಳು ಕಣ್ಣಿಗೆ ತೀರ ಮಂದವಾಗಿ ಕಾಣುತ್ತಿದ್ದರೂ, ಛಾಯಾಚಿತ್ರದಲ್ಲಿ ಮಸಿಯ ಹನಿಗಳಂತೆ ಕಪ್ಪಾಗಿ ಮೂಡುತ್ತಿದ್ದುವು. ಕೆನ್ನೆಯ ನಸುಗೆಂಪು ಕಪ್ಪು ನೆರಳಾಗುತ್ತಿತ್ತು. ನೋಡಿದ್ದಕ್ಕಿಂತ ಕುರೂಪವಾಗಿ ಬಂದ ತನ್ನ ಮುಖಕ್ಕೆ ಹಣ ಕೊಡಲು ಯಾವ ಗಿರಾಕಿ ತಾನೇ ಒಪ್ಪುತ್ತಾನೆ? ತಟ್ಟೆಯ ತಪ್ಪನ್ನು ಕೈಯಿಂದ ಸರಿಪಡಿಸುವುದು ಹೀಗೆ ಅನಿವಾರ್ಯವಾಯಿತು. ವರ್ಣದ್ರವ್ಯಗಳನ್ನು ಸೇರಿಸಿ ಲೇಪವನ್ನು ಹಸಿರು ಬೆಳಕಿಗೂ ಸ್ಪಂದಿಸುವಂತೆ ಮಾಡಬಹುದೆಂದು ಹರ್ಮನ್ ವೋಗೆಲ್ 1873ರಲ್ಲಿ ಕಂಡುಹಿಡಿದನು. ಎಲ್ಲ ಬಣ್ಣಗಳನ್ನೂ ಗ್ರಹಿಸುವ ತಟ್ಟೆಗಳು 1906ರ ಹೊತ್ತಿಗೆ ಮಾರುಕಟ್ಟೆಗೆ ಬಂದುವು. ಅಲ್ಲಿಗೆ ದೋಷ ನಿವಾರಣೆಯಾಯಿತು. ಆದರೆ ತಿದ್ದುವ ಅಭ್ಯಾಸ ಮಾತ್ರ ನಿಲ್ಲಲಿಲ್ಲ. ತಟ್ಟೆಯ ತಪ್ಪನ್ನು ತಿದ್ದುತ್ತಿದ್ದ ಪೆನ್ಸಿಲು ಅಷ್ಟರಲ್ಲಿ ಮುಖವನ್ನೇ ತಿದ್ದಲು ಕಲಿತಿತ್ತು.

ಆ ಪೆನ್ಸಿಲಿನ ಕೆಲಸವನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಇಂದು ಕಂಪ್ಯೂಟರಿನಲ್ಲಿ ನಡೆಯುವುದರ ಮೂಲ ತತ್ತ್ವ ಅದರಲ್ಲಿಯೇ ಇದೆ. ನೆಗೆಟಿವಿನಲ್ಲಿ ಬೆಳಕು ಕತ್ತಲೆಗಳು ಅದಲುಬದಲಾಗಿರುತ್ತವೆಂಬುದು ವಾಚಕರಿಗೆ ತಿಳಿದೇ ಇದೆ. ಮುಖದ ಮೇಲಿನ ಕಪ್ಪು ಕಲೆ ಅಲ್ಲಿ ಪಾರದರ್ಶಕವಾದ ಚುಕ್ಕೆಯಾಗಿರುತ್ತದೆ. ಆ ಚುಕ್ಕೆಯ ಮೇಲೆ ಚೂಪಾದ ಸೀಸದ ಕಡ್ಡಿಯಿಂದ ನವಿರಾಗಿ ಗೀರಿದರೆ ಅದರ ಮೂಲಕ ಹಾದುಹೋಗುವ ಬೆಳಕು ಕಡಿಮೆಯಾಗಿ, ಕಾಗದದ ಮೇಲೆ ಆ ಭಾಗ ಬೆಳ್ಳಗಾಗಿ, ಸುತ್ತಲಿನ ಚರ್ಮದೊಡನೆ ಬೆರೆತುಹೋಗುತ್ತದೆ. ನುಣುಪಾದ ಲೇಪದ ಮೇಲೆ ಸೀಸ ಹಿಡಿಯದಾದ್ದರಿಂದ, ಟರ್ಪೆಂಟೈನಿನಲ್ಲಿ ಕರಗಿಸಿದ ಡಮ್ಮರ್ ಎಂಬ ಮರದ ರಾಳವನ್ನು (ಇದು ನಾವು ರಸ್ತೆಗೆ ಸುರಿಯುವ ಡಾಮರಲ್ಲ) ಮೊದಲು ತೆಳ್ಳಗೆ ಸವರುತ್ತಿದ್ದರು. ಇದಕ್ಕೆ ವಿರುದ್ಧವಾಗಿ, ಅತಿಯಾಗಿ ಬೆಳ್ಳಗಿರುವ ಭಾಗವನ್ನು ಕಪ್ಪಾಗಿಸಬೇಕಾದರೆ ಸಣ್ಣ ಚಾಕುವಿನಿಂದ ಲೇಪವನ್ನು ಕೂದಲೆಳೆಯಷ್ಟು ಹೆರೆಯುತ್ತಿದ್ದರು. ಇಳಿಜಾರಾದ ಮೇಜು, ನಡುವೆ ಮಸುಕು ಗಾಜು, ಕೆಳಗೆ ಬೆಳಕನ್ನು ಮೇಲಕ್ಕೆ ತಳ್ಳುವ ಕನ್ನಡಿ, ಕೈಯಲ್ಲಿ ಭೂತಗನ್ನಡಿ: ನಮ್ಮ ಜಿಲ್ಲಾ ಕೇಂದ್ರಗಳ ಹಳೆಯ ಸ್ಟುಡಿಯೋಗಳಲ್ಲಿಯೂ ಇದೇ ಸಲಕರಣೆಯಿತ್ತು. ಮದುವೆಯ ಮಾತುಕತೆಗೆಂದು ತೆಗೆಸಿದ ಎಷ್ಟೋ ಕಪ್ಪುಬಿಳುಪು ಭಾವಚಿತ್ರಗಳಲ್ಲಿ ಕನ್ಯೆಯ ಕೆನ್ನೆ ಅಷ್ಟು ನಯವಾಗಿ ಕಾಣುವುದಕ್ಕೆ ಹಿಂದಿನ ಕೋಣೆಯಲ್ಲಿ ಕುಳಿತಿದ್ದ ಆ ಅನಾಮಧೇಯ ಕುಶಲಕರ್ಮಿಯೇ ಕಾರಣ.

ಹೊಳಪು ಪತ್ರಿಕೆಯ ಶೈಲಿ ಎಂದು ನಾವು ಇಂದು ಗುರುತಿಸುವುದು ರೂಪುಗೊಂಡದ್ದು 1930ರ ದಶಕದ ಹಾಲಿವುಡ್ಡಿನಲ್ಲಿ. ಎಂ.ಜಿ.ಎಂ. ಚಿತ್ರಸಂಸ್ಥೆಯಲ್ಲಿ ಭಾವಚಿತ್ರಗಾರನಾಗಿದ್ದ ಜಾರ್ಜ್ ಹರೆಲ್ ಎಂಟು ಅಂಗುಲ ಅಗಲ, ಹತ್ತು ಅಂಗುಲ ಉದ್ದದ ದೊಡ್ಡ ನೆಗೆಟಿವುಗಳ ಮೇಲೆ ನಟನಟಿಯರ ಚಿತ್ರಗಳನ್ನು ತೆಗೆಯುತ್ತಿದ್ದನು. ನಟಿ ಜೋನ್ ಕ್ರಾಫರ್ಡಳ ಮುಖ ಹಾಗೂ ಭುಜಗಳ ತುಂಬ ನಸುಕಂದು ಚುಕ್ಕೆಗಳಿದ್ದುವು. ಆಕೆಯ ಒಂದು ಭಾವಚಿತ್ರದ ತಿದ್ದುವ ಮೊದಲಿನ ಪ್ರತಿ ಮತ್ತು ನಂತರದ ಪ್ರತಿ ಎರಡೂ ಉಳಿದುಬಂದಿವೆ. ಮೊದಲನೆಯದರಲ್ಲಿ ನಕ್ಷತ್ರಗಳಂತೆ ಹರಡಿದ ಚುಕ್ಕೆಗಳು, ಕಣ್ಣಿನ ಕೆಳಗಿನ ಗೆರೆಗಳು ಎಲ್ಲವೂ ಕಾಣುತ್ತವೆ. ಎರಡನೆಯದು ಅಮೃತಶಿಲೆಯ ವಿಗ್ರಹದಂತಿದೆ. ನನಗೆ ಮೊದಲನೆಯದೇ ಹೆಚ್ಚು ಜೀವಂತವೆನಿಸುತ್ತದೆ. ಅದೇ ಕಾಲಕ್ಕೆ, 1932ರ ಜುಲೈ ತಿಂಗಳಲ್ಲಿ, 'ವೋಗ್' ಪತ್ರಿಕೆಯ ರಕ್ಷಾಪುಟದಲ್ಲಿ ಮೊದಲ ಬಾರಿಗೆ ವರ್ಣ ಛಾಯಾಚಿತ್ರ ಅಚ್ಚಾಯಿತು; ಅದನ್ನು ತೆಗೆದವನು ಎಡ್ವರ್ಡ್ ಸ್ಟೈಕನ್. ಅಲ್ಲಿಯವರೆಗೆ ರಕ್ಷಾಪುಟಗಳಲ್ಲಿ ಚಿತ್ರಕಾರರು ಬರೆದ ಚಿತ್ರಗಳೇ ಬರುತ್ತಿದ್ದುವು. ಕುಂಚದಿಂದ ಬರೆದ ಸುಂದರಿಯ ಸ್ಥಾನಕ್ಕೆ ಛಾಯಾಚಿತ್ರ ಬಂದರೂ, ಕುಂಚದ ಸುಂದರಿಯ ನಯವನ್ನೇ ಓದುಗರು ಅದರಿಂದಲೂ ನಿರೀಕ್ಷಿಸಿದರು. ಗಾಳಿಯ ಒತ್ತಡದಿಂದ ಬಣ್ಣವನ್ನು ಮಂಜಿನಂತೆ ಸಿಂಪಡಿಸುವ ಏರ್‌ಬ್ರಷ್ ಎಂಬ ಉಪಕರಣ ಈ ನಿರೀಕ್ಷೆಯನ್ನು ಪೂರೈಸಿತು.

ಕಂಪ್ಯೂಟರಿನ ಕಥೆಯನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ಥಾಮಸ್ ನೋಲ್ ಮತ್ತು ಜಾನ್ ನೋಲ್ ಎಂಬ ಅಮೆರಿಕದ ಸಹೋದರರು 1987ರಲ್ಲಿ ಆರಂಭಿಸಿದ ಕ್ರಮವಿಧಿಯನ್ನು ಅಡೋಬಿ ಸಂಸ್ಥೆ 1990ರ ಫೆಬ್ರುವರಿಯಲ್ಲಿ 'ಫೋಟೋಶಾಪ್' ಎಂಬ ಹೆಸರಿನಿಂದ ಬಿಡುಗಡೆ ಮಾಡಿತು. ಒಂದರ ಮೇಲೊಂದು ಪಾರದರ್ಶಕ ಹಾಳೆಗಳನ್ನಿಟ್ಟಂತೆ ಕೆಲಸ ಮಾಡುವ ಪದರಗಳ ಸೌಕರ್ಯ ಅದಕ್ಕೆ 1994ರಲ್ಲಿ ಸೇರಿತು. ಕಲೆಯನ್ನು ವಾಸಿಮಾಡುವ 'ಹೀಲಿಂಗ್ ಬ್ರಷ್' ಬಂದದ್ದು 2002ರಲ್ಲಿ.

ಇನ್ನು ಕೆಲಸದ ಕ್ರಮಕ್ಕೆ ಬರೋಣ. ಅನುಭವಿಗಳು ಒಪ್ಪುವ ಮೊದಲ ಮಾತೆಂದರೆ, ಪತ್ರಿಕೆಯ ಹೊಳಪು ಅರ್ಧಕ್ಕಿಂತ ಹೆಚ್ಚು ಭಾಗ ಕ್ಯಾಮರಾದ ಮುಂದೆಯೇ ಸಿದ್ಧವಾಗಿರುತ್ತದೆ. ಮುಖದ ಎದುರಿಗೆ, ಸ್ವಲ್ಪ ಮೇಲಿನಿಂದ ಬೀಳುವ ಬೆಳಕು ಮೂಗಿನ ಕೆಳಗೆ ಚಿಟ್ಟೆಯಾಕಾರದ ಸಣ್ಣ ನೆರಳನ್ನು ಮೂಡಿಸಿ, ಕೆನ್ನೆಯೆಲುಬನ್ನು ಎತ್ತಿ ತೋರಿಸುತ್ತದೆ. ಗಲ್ಲದ ಕೆಳಗೆ ಹಿಡಿದ ಬಿಳಿಯ ಹಲಗೆ ಕಣ್ಣಿನ ಗುಳಿಗಳನ್ನು ತುಂಬುತ್ತದೆ. ಪ್ರಸಾಧಕರು ಎಣ್ಣೆಜಿಡ್ಡನ್ನು ಒರೆಸಿರುತ್ತಾರೆ, ಕೇಶಾಲಂಕಾರದವರು ಹಾರುವ ಕೂದಲನ್ನು ಅಂಟಿಸಿರುತ್ತಾರೆ. ಕೆಟ್ಟ ಬೆಳಕಿನಲ್ಲಿ ತೆಗೆದ ಚಿತ್ರವನ್ನು ಎಷ್ಟು ತಿದ್ದಿದರೂ ಅದು ತಿದ್ದಿದ ಕೆಟ್ಟ ಚಿತ್ರವೇ. ಕ್ಯಾಮರಾದ ಕಚ್ಚಾ ದತ್ತಾಂಶವಾದ 'ರಾ' ಕಡತವನ್ನು ಎಂದೂ ಮುಟ್ಟದೆ ಹಾಗೆಯೇ ಕಾಪಾಡಿ, ಅದರ ಪ್ರತಿಯ ಮೇಲೆ, ಅದರಲ್ಲಿಯೂ ಪ್ರತ್ಯೇಕ ಪದರಗಳ ಮೇಲೆ ಮಾತ್ರ ಕೆಲಸ ಮಾಡುವುದು ಶಿಸ್ತು.

ಮೊದಲ ಹಂತ ಕಲೆಗಳನ್ನು ತೆಗೆಯುವುದು. ಹೀಲಿಂಗ್ ಕುಂಚ ಬರಿಯ ನಕಲು ಮಾಡುವುದಿಲ್ಲ. ಪಕ್ಕದ ಒಳ್ಳೆಯ ಚರ್ಮದಿಂದ ರೋಮಕೂಪಗಳ ರಚನೆಯನ್ನು ತಂದು, ಅದನ್ನು ಕಲೆಯಿರುವ ಜಾಗದ ಬಣ್ಣ ಮತ್ತು ಬೆಳಕಿಗೆ ಹೊಂದಿಸಿ ಕೂರಿಸುತ್ತದೆ. ಯಾವುದನ್ನು ತೆಗೆಯಬೇಕು ಎಂಬುದಕ್ಕೆ ವೃತ್ತಿಯಲ್ಲಿ ಒಂದು ಹಳೆಯ ಸೂತ್ರವಿದೆ: ಒಂದೆರಡು ವಾರಗಳಲ್ಲಿ ತಾನಾಗಿಯೇ ಮಾಯವಾಗುವುದನ್ನು ತೆಗೆ, ಶಾಶ್ವತವಾದುದನ್ನು ಬಿಡು. ಮೊಡವೆ, ತರಚಿದ ಗಾಯ, ಸೊಳ್ಳೆ ಕಚ್ಚಿದ ಗುರುತು ಇವು ಮೊದಲನೆಯ ವರ್ಗಕ್ಕೆ ಸೇರುತ್ತವೆ. ಮಚ್ಚೆ, ಬಾಲ್ಯದಲ್ಲಿ ಬಿದ್ದು ಆದ ಗಾಯದ ಗೆರೆ, ನಕ್ಕಾಗ ಮೂಡುವ ಸುಕ್ಕು ಎರಡನೆಯ ವರ್ಗದವು. ನಮ್ಮ ದೇಶದ ಅರ್ಜಿ ನಮೂನೆಗಳಲ್ಲಿಯೂ ಸೇವಾಪುಸ್ತಕಗಳಲ್ಲಿಯೂ ವ್ಯಕ್ತಿಯನ್ನು ಗುರುತಿಸುವ ಚಿಹ್ನೆಗಳನ್ನು ಬರೆಯಲು ಒಂದು ಅಂಕಣವಿರುತ್ತದೆ. 'ಎಡಗೆನ್ನೆಯ ಮೇಲೆ ಕಪ್ಪು ಮಚ್ಚೆ' ಎಂದು ಅಲ್ಲಿ ನಾವು ಹೆಮ್ಮೆಯಿಂದಲೋ ಸಂಕೋಚದಿಂದಲೋ ಬರೆಯುತ್ತೇವೆ. ಸರ್ಕಾರ ಯಾವುದನ್ನು ನಮ್ಮ ಗುರುತು ಎನ್ನುತ್ತದೆಯೋ ಅದನ್ನೇ ಫ್ಯಾಷನ್ ಪತ್ರಿಕೆ ಕಳಂಕವೆನ್ನುತ್ತದೆ! ದುರದೃಷ್ಟವಶಾತ್ ಈ ಸೂತ್ರವನ್ನು ಹೇಳುವವರಷ್ಟು ಮಂದಿ ಪಾಲಿಸುವವರಿಲ್ಲ.

ಎರಡನೆಯ ಹಂತವೇ ಇಡೀ ಕೆಲಸದ ಹೃದಯ. ಚರ್ಮ ಒರಟಾಗಿ ಕಾಣುವುದಕ್ಕೆ ಕಾರಣ ಬಹುಪಾಲು ಬಣ್ಣವಲ್ಲ, ಸಣ್ಣ ಸಣ್ಣ ಉಬ್ಬುತಗ್ಗುಗಳ ಮೇಲೆ ಬೆಳಕು ನೆರಳುಗಳು ಅಸಮವಾಗಿ ಬೀಳುವುದು. ಹಿಂದೆ ಕತ್ತಲೆ ಕೋಣೆಯಲ್ಲಿ ಚಿತ್ರವನ್ನು ದೊಡ್ಡದು ಮಾಡುವಾಗ ಬೆಳಕಿನ ದಾರಿಗೆ ಕೈಯನ್ನು ಅಡ್ಡ ಹಿಡಿದು ಒಂದು ಭಾಗವನ್ನು ತಿಳಿಯಾಗಿಸುವುದಕ್ಕೆ 'ಡಾಜ್' ಎಂದೂ, ಇನ್ನೊಂದು ಭಾಗಕ್ಕೆ ಹೆಚ್ಚು ಹೊತ್ತು ಬೆಳಕು ಬಿಟ್ಟು ಗಾಢವಾಗಿಸುವುದಕ್ಕೆ 'ಬರ್ನ್' ಎಂದೂ ಹೇಳುತ್ತಿದ್ದರು. ಹೆಸರುಗಳು ಹಾಗೆಯೇ ಉಳಿದಿವೆ. ಈಗ ತಿದ್ದುವವನು ಚಿತ್ರವನ್ನು ಪರದೆಯ ಮೇಲೆ ಹಲವು ಪಟ್ಟು ಹಿಗ್ಗಿಸಿಕೊಂಡು, ನೂರಕ್ಕೆ ಒಂದೋ ಎರಡೋ ಪಾಲು ಬಲದ ಕುಂಚದಿಂದ ಪ್ರತಿಯೊಂದು ಸಣ್ಣ ನೆರಳನ್ನೂ ತಿಳಿಮಾಡುತ್ತಾನೆ, ಪ್ರತಿಯೊಂದು ಸಣ್ಣ ಮಿನುಗನ್ನೂ ತಗ್ಗಿಸುತ್ತಾನೆ. ರೋಮಕೂಪ ಇದ್ದಲ್ಲಿಯೇ ಇರುತ್ತದೆ; ಅದರ ಸುತ್ತಲಿನ ಏರಿಳಿತ ಮಾತ್ರ ಶಾಂತವಾಗುತ್ತದೆ. ಒಂದು ಮುಖಕ್ಕೆ ಗಂಟೆಗಟ್ಟಲೆ ಹಿಡಿಯುವ ಈ ಕೆಲಸ ಅಕ್ಕಿಯಲ್ಲಿ ಕಲ್ಲು ಆರಿಸುವುದಕ್ಕೆ ಸಮಾನವಾದದ್ದು. ತಾಳ್ಮೆಯಿಲ್ಲದವರು ಇದರ ಬದಲು ಇಡೀ ಮುಖಕ್ಕೆ ಮಸುಕನ್ನು ಬಳಿದುಬಿಡುತ್ತಾರೆ. ಆಗ ಚರ್ಮ ಮೇಣದ ಗೊಂಬೆಯದಾಗುತ್ತದೆ. ಅಗ್ಗದ ತಿದ್ದುವಿಕೆಗೂ ಉತ್ತಮ ತಿದ್ದುವಿಕೆಗೂ ಇರುವ ಅಂತರ ಕಾಣುವುದು ಇಲ್ಲಿಯೇ.

ತಾಳ್ಮೆ ಮತ್ತು ವೇಗ ಎರಡರ ನಡುವಣ ದಾರಿಯೊಂದಿದೆ; ಅದಕ್ಕೆ ಆವರ್ತನ ವಿಭಜನೆ ಎಂದು ಹೆಸರು. ಗಣಿತದಲ್ಲಿ ಆಸಕ್ತಿಯುಳ್ಳ ವಿದ್ಯಾರ್ಥಿಗಳಿಗೆ ಇದು ರುಚಿಸಬಹುದು. ಚಿತ್ರದ ಪ್ರತಿಯೊಂದು ಬಿಂದುವಿಗೂ, ಅಂದರೆ ಪಿಕ್ಸೆಲ್ಲಿಗೂ, 0ಯಿಂದ 255ರವರೆಗೆ ಒಂದು ಬೆಲೆಯಿರುತ್ತದೆಂದು ಇಟ್ಟುಕೊಳ್ಳೋಣ. ಒಂದು ಬಿಂದುವಿನ ಬೆಲೆ 150. ಅದರ ಸುತ್ತಲಿನ ಬಿಂದುಗಳ ಸರಾಸರಿ 140. ಈ ಸರಾಸರಿಗಳಿಂದಲೇ ಮಾಡಿದ ಮಸುಕು ಚಿತ್ರ ಕೆಳಗಿನ ಪದರ. ಅದರಲ್ಲಿ ಬಣ್ಣ ಮತ್ತು ಬೆಳಕಿನ ದೊಡ್ಡ ಹರಹು ಮಾತ್ರ ಇರುತ್ತದೆ. 150ರಲ್ಲಿ 140 ಕಳೆದರೆ ಉಳಿಯುವ 10 ಎಂಬುದೇ ಆ ಬಿಂದುವಿನ ಸೂಕ್ಷ್ಮ ರಚನೆ. ವ್ಯತ್ಯಾಸ ಋಣಸಂಖ್ಯೆಯೂ ಆಗಬಹುದಾದ್ದರಿಂದ ಅದನ್ನು ಅರ್ಧ ಮಾಡಿ, ನಡುಬೂದಿಯ ಬೆಲೆಯಾದ 128ಕ್ಕೆ ಕೂಡಿ, 133 ಎಂದು ಮೇಲಿನ ಪದರದಲ್ಲಿ ಬರೆದಿಡುತ್ತಾರೆ. ಮತ್ತೆ ಜೋಡಿಸುವಾಗ 133ರಲ್ಲಿ 128 ಕಳೆದು, ಬಂದ 5ನ್ನು ಇಮ್ಮಡಿಗೊಳಿಸಿ 140ಕ್ಕೆ ಕೂಡಿದರೆ ಮೂಲದ 150 ಮರಳಿ ದೊರೆಯುತ್ತದೆ. ಏನೂ ನಷ್ಟವಾಗಲಿಲ್ಲ. ಈಗ ಪಕ್ಕದಲ್ಲೊಂದು ಕಪ್ಪು ತೇಪೆಯಿದ್ದು ಅಲ್ಲಿನ ಸರಾಸರಿ 120 ಆಗಿದ್ದರೆ, ಕೆಳಗಿನ ಪದರದಲ್ಲಿ ಅದನ್ನು 140ಕ್ಕೆ ಏರಿಸಿದರಾಯಿತು. ಮೇಲಿನ ಪದರದಲ್ಲಿರುವ ರೋಮಕೂಪಗಳಿಗೆ ಸೋಂಕು ತಗಲುವುದಿಲ್ಲ. ಜಾಣತನದ ಉಪಾಯವೇ ಸರಿ. ಆದರೆ ಕೆಳಗಿನ ಪದರವನ್ನು ಅತಿಯಾಗಿ ಸಮಮಾಡಿದಾಗ ಮುಖದ ಎಲುಬು ಸ್ನಾಯುಗಳ ಆಕಾರವೇ ಅಳಿಸಿಹೋಗಿ, ರೋಮಕೂಪಗಳನ್ನು ಅಂಟಿಸಿದ ಚಪ್ಪಟೆ ಹಲಗೆ ಉಳಿಯುತ್ತದೆ.

ಕಣ್ಣು, ಹಲ್ಲು, ಕೂದಲುಗಳಿಗೆ ಸಂಬಂಧಿಸಿದ ಕೆಲಸ ಸಣ್ಣದು. ಪಾಪೆಯ ಸುತ್ತಲಿನ ವರ್ಣಭಾಗವನ್ನು ತುಸು ಬೆಳಗಿಸಿ, ಬಿಳಿಭಾಗದ ಕೆಂಪು ನರಗಳನ್ನು ಕಡಿಮೆ ಮಾಡುತ್ತಾರೆ. ಪೂರ್ತಿ ಬಿಳಿ ಮಾಡಿದರೆ ಕಣ್ಣು ಪಿಂಗಾಣಿಯದಾಗುತ್ತದೆ. ಕಣ್ಣೊಳಗೆ ಪ್ರತಿಫಲಿಸುವ ದೀಪದ ಮಿನುಗನ್ನು ಮುಟ್ಟುವುದಿಲ್ಲ. ಅದು ಹೋದರೆ ನೋಟವೇ ಸತ್ತಂತೆ. ಹಲ್ಲಿನಿಂದ ಹಳದಿಯನ್ನು ಇಳಿಸುತ್ತಾರೆಯೇ ಹೊರತು ಸುಣ್ಣ ಬಳಿಯುವುದಿಲ್ಲ.

ಇಲ್ಲಿಯವರೆಗಿನದೆಲ್ಲ ಚರ್ಮದ ಮೇಲ್ಮೈಗೆ ಸಂಬಂಧಿಸಿದ ಮಾತು. ಇದಾದ ಮೇಲೆ ಬರುವ 'ಲಿಕ್ವಿಫೈ' ಎಂಬ ಸಾಧನ ಬೇರೆಯೇ ಜಾತಿಯದು. ಅದು ಚಿತ್ರವನ್ನು ಹಸಿ ಜೇಡಿಮಣ್ಣೆಂದು ಪರಿಗಣಿಸಿ, ಕುಂಚ ತಳ್ಳಿದ ಕಡೆಗೆ ಅಂಗಾಂಗಗಳನ್ನು ಸರಿಸುತ್ತದೆ. ಸೊಂಟ ತೆಳುವಾಗುತ್ತದೆ, ಕತ್ತು ನೀಳವಾಗುತ್ತದೆ, ಕಣ್ಣು ದೊಡ್ಡದಾಗುತ್ತದೆ, ದವಡೆ ಕಿರಿದಾಗುತ್ತದೆ. ಬಟ್ಟೆಯ ಮಡಿಕೆ ಅಸಹಜವಾಗಿ ಉಬ್ಬಿದ್ದರೆ ಅದನ್ನು ಒಳಕ್ಕೆ ಒತ್ತಲು ಇದನ್ನು ಬಳಸುವುದರಲ್ಲಿ ಯಾವ ಅಪರಾಧವೂ ಇಲ್ಲ. ಆದರೆ ಮನುಷ್ಯನ ಎಲುಬನ್ನು ಸರಿಸತೊಡಗಿದಾಗ ತಿದ್ದುವವನು ತನ್ನ ವೃತ್ತಿಯ ಗಡಿಯನ್ನು ದಾಟಿದನೆಂದೇ ನನ್ನ ಅಭಿಪ್ರಾಯ. ಚರ್ಮದ ಕಲೆ ಇಂದಿದ್ದು ನಾಳೆ ಹೋಗಬಹುದು. ಎಲುಬಿನ ಅಳತೆಯನ್ನು ಯಾವ ಪಥ್ಯವೂ ಬದಲಿಸಲಾರದು. ಸಾಧ್ಯವೇ ಇಲ್ಲದ ದೇಹವನ್ನು ಮಾದರಿಯೆಂದು ಹದಿನಾಲ್ಕರ ಹುಡುಗಿಯ ಮುಂದಿಟ್ಟು ಅದನ್ನು ಛಾಯಾಚಿತ್ರವೆಂದು ಕರೆದರೆ, ಆಕೆ ಅದನ್ನು ನಂಬುತ್ತಾಳೆ. ಛಾಯಾಚಿತ್ರ ಇದ್ದದ್ದನ್ನು ತೋರಿಸುತ್ತದೆಂದು ನಾವೇ ಆಕೆಗೆ ಕಲಿಸಿದ್ದೇವೆ. ತಿದ್ದಿಸಿಕೊಂಡವರೂ ಇದನ್ನು ಸದಾ ಮೆಚ್ಚಿದ್ದಿಲ್ಲ. ಬ್ರಿಟನ್ನಿನ 'ಜಿ.ಕ್ಯೂ.' ಪತ್ರಿಕೆ 2003ರಲ್ಲಿ ತನ್ನ ರಕ್ಷಾಪುಟದ ಮೇಲೆ ನಟಿ ಕೇಟ್ ವಿನ್ಸ್ಲೆಟ್ ಅವರನ್ನು ಇದ್ದುದಕ್ಕಿಂತ ಬಹಳ ತೆಳ್ಳಗೆ ತೋರಿಸಿದಾಗ, ತಾನು ಹಾಗಿಲ್ಲ, ಹಾಗಿರಬೇಕೆಂಬ ಆಸೆಯೂ ತನಗಿಲ್ಲ ಎಂದು ಅವರು ಬಹಿರಂಗವಾಗಿ ಹೇಳಿದರು. ಕೀನ್ಯಾ ಮೂಲದ ನಟಿ ಲುಪಿಟಾ ನ್ಯೋಂಗೊ ಅವರ ಸಹಜವಾದ ಗುಂಗುರು ಕೂದಲಿನ ಒಂದು ಭಾಗವನ್ನು ಅಳಿಸಿ, ಉಳಿದುದನ್ನು ನಯಗೊಳಿಸಿ, 2017ರಲ್ಲಿ ಬ್ರಿಟನ್ನಿನ 'ಗ್ರಾಜಿಯಾ' ತನ್ನ ರಕ್ಷಾಪುಟದಲ್ಲಿ ಅಚ್ಚುಮಾಡಿತು; ಅವರು ಪ್ರತಿಭಟಿಸಿದ ಮೇಲೆ ಪತ್ರಿಕೆಯೂ ಛಾಯಾಗ್ರಾಹಕನೂ ಕ್ಷಮೆ ಕೋರಬೇಕಾಯಿತು.

ಬಣ್ಣದ ವಿಚಾರ ನಮಗೆ ಇನ್ನೂ ಹತ್ತಿರದ್ದು. ಕಳೆದ ಶತಮಾನದ ಮಧ್ಯಭಾಗದಿಂದ ದಶಕಗಳ ಕಾಲ ಕೊಡಾಕ್ ಸಂಸ್ಥೆ ಬಣ್ಣದ ಮುದ್ರಣಯಂತ್ರಗಳನ್ನು ಹೊಂದಿಸಿಕೊಳ್ಳಲು ಪ್ರಯೋಗಾಲಯಗಳಿಗೆ ಕಳುಹಿಸುತ್ತಿದ್ದ 'ಶರ್ಲಿ ಕಾರ್ಡ್' ಎಂಬ ಮಾದರಿ ಚಿತ್ರದಲ್ಲಿ ಇರುತ್ತಿದ್ದದ್ದು ಬಿಳಿಯ ಮಹಿಳೆ. ಆಕೆಯ ಚರ್ಮ ಸರಿಯಾಗಿ ಬಂದರೆ ಯಂತ್ರ ಸರಿಯಾಗಿದೆ ಎಂದರ್ಥ. ಕಂದು ಚರ್ಮದವರ ಮುಖ ಕೆಸರಾಗಿ ಬಂದರೆ ಅದು ಅವರ ಹಣೆಬರಹ. ಇಂದಿನ ಉಪಕರಣಗಳಲ್ಲಿ ಆ ಅಡಚಣೆಯಿಲ್ಲ. ಮುದ್ರಣದ ನೀಲಿ, ಕೆನ್ನೀಲಿಗೆಂಪು, ಹಳದಿ, ಕಪ್ಪು ಎಂಬ ನಾಲ್ಕು ಶಾಯಿಗಳಲ್ಲಿ ಬಿಳಿಯ ಚರ್ಮಕ್ಕೆ ಹಳದಿ ಮತ್ತು ಕೆಂಪು ಹೆಚ್ಚುಕಡಿಮೆ ಸಮನಾಗಿದ್ದು, ನೀಲಿ ಅವುಗಳ ಮೂರನೆಯ ಒಂದು ಪಾಲಿಗಿಂತ ಕಡಿಮೆ ಸಾಕು. ನಮ್ಮ ಗೋಧಿವರ್ಣಕ್ಕೆ ಹಳದಿ ತುಸು ಮುಂದಿರಬೇಕು, ನೀಲಿಯ ಪಾಲು ಏರಬೇಕು. ಶ್ಯಾಮಲವರ್ಣಕ್ಕೆ ಕಪ್ಪೂ ಸೇರಬೇಕು. ಹೀಗೆ ಮಾಡಿದಾಗ ಕಪ್ಪು ಚರ್ಮದ ಮೇಲಿನ ಬೆಳಕಿನ ಹೊಳಪು ಬಿಳಿಯ ಚರ್ಮದ ಮೇಲೆ ಎಂದೂ ಬಾರದಷ್ಟು ಸೊಗಸಾಗಿ ಮೂಡುತ್ತದೆ. ತಿದ್ದುವವನು ಆ ಮಿನುಗನ್ನು ಕಾಪಾಡಿದರೆ ಸಾಕು, ಚಿತ್ರ ತಾನೇ ಗೆಲ್ಲುತ್ತದೆ. ಹಾಗಿದ್ದೂ ಬೆಳಕನ್ನು ಹೆಚ್ಚಿಸುವ ನೆಪದಲ್ಲಿ ಚರ್ಮವನ್ನು ಬೆಳ್ಳಗೆ ಮಾಡುವ ಚಾಳಿ ನಮ್ಮಲ್ಲಿ ಬಿಟ್ಟಿಲ್ಲ. ಇದು ಊರಿನ ಮದುವೆ ಆಲ್ಬಮ್ಮಿನಿಂದ ಹಿಡಿದು ದೊಡ್ಡ ಪತ್ರಿಕೆಗಳವರೆಗೆ ಇರುವ ರೋಗ. ಭಾರತದ ಜಾಹೀರಾತು ಗುಣಮಟ್ಟ ಮಂಡಳಿ 2014ರಲ್ಲಿ ಪ್ರಕಟಿಸಿದ ಮಾರ್ಗಸೂತ್ರದಲ್ಲಿ, ಚರ್ಮದ ಬಣ್ಣದ ಕಾರಣಕ್ಕೆ ಯಾರನ್ನೂ ಕೀಳಾಗಿ ಚಿತ್ರಿಸಬಾರದೆಂದು ಹೇಳಬೇಕಾಯಿತೆಂದರೆ ಅದರ ಅಗತ್ಯ ಎಷ್ಟಿತ್ತೆಂಬುದು ಸ್ಪಷ್ಟ.

ಕೊನೆಯ ಹಂತ ಮುದ್ರಣ. ಪರದೆಯ ಮೇಲಿನ ಸೊಬಗು ಕಾಗದದ ಮೇಲೆ ತಾನಾಗಿ ಬರುವುದಿಲ್ಲ. ಎ4 ಅಳತೆಯ ಒಂದು ಪುಟಕ್ಕೆ ಅಂಗುಲಕ್ಕೆ 300 ಬಿಂದುಗಳಂತೆ ಅಗಲಕ್ಕೆ 2480, ಉದ್ದಕ್ಕೆ 3508, ಒಟ್ಟು ಸುಮಾರು 87 ಲಕ್ಷ ಪಿಕ್ಸೆಲ್ಲುಗಳು ಬೇಕು. ವೃತ್ತಪತ್ರಿಕೆಯ ಕಾಗದ ಶಾಯಿಯನ್ನು ಹೀರುತ್ತದೆ. ಬಿಂದುಗಳು ಹರಡಿ ಕಪ್ಪು ಬೂದಿಯಾಗುತ್ತದೆ. ಆರ್ಟ್ ಕಾಗದದ ಮೇಲೆ ಬಿಳಿ ಜೇಡಿ ಅಥವಾ ಸುಣ್ಣದ ಪುಡಿಯ ಲೇಪವಿದ್ದು, ಉರುಳೆಗಳ ನಡುವೆ ಅದನ್ನು ಒತ್ತಿ ಉಜ್ಜಿರುತ್ತಾರೆ. ಶಾಯಿ ಒಳಗಿಳಿಯದೆ ಮೇಲೆಯೇ ನಿಲ್ಲುವುದರಿಂದ ಕಪ್ಪು ಗಾಢವಾಗಿಯೂ ಬಣ್ಣ ಶುದ್ಧವಾಗಿಯೂ ಕಾಣುತ್ತವೆ. ಹೊಳಪು ಪತ್ರಿಕೆಯ ಅರ್ಧ ಮೋಹ ಈ ಜೇಡಿಯದು ಎಂದರೆ ತಪ್ಪಲ್ಲ. ನಾಲ್ಕು ಶಾಯಿಗಳನ್ನೂ ಪೂರ್ತಿ ಸುರಿದರೆ ಒಟ್ಟು ಪ್ರಮಾಣ ಶೇಕಡ 400 ಆಗಿ ಹಾಳೆ ಒಣಗುವುದಿಲ್ಲ. ಸುಮಾರು 300ರ ಆಸುಪಾಸಿನಲ್ಲಿ ಅದನ್ನು ತಡೆಹಿಡಿಯುತ್ತಾರೆ. ಮುದ್ರಣದಲ್ಲಿ ಅಂಚುಗಳು ಸ್ವಲ್ಪ ಮೆತ್ತಗಾಗುವುದರಿಂದ ಕಣ್ಣು, ರೆಪ್ಪೆ, ಕೂದಲುಗಳನ್ನು ಪರದೆಯ ಮೇಲೆ ತುಸು ಹೆಚ್ಚೇ ಹರಿತಗೊಳಿಸಿ ಕಳುಹಿಸುವುದು ಪದ್ಧತಿ.

ಈ ಕಲೆಗೆ ಕಾನೂನಿನ ಲಗಾಮು ಹಾಕುವ ಪ್ರಯತ್ನಗಳೂ ನಡೆದಿವೆ. ಬ್ರಿಟನ್ನಿನ ಜಾಹೀರಾತು ಪ್ರಾಧಿಕಾರ 2011ರಲ್ಲಿ ಎರಡು ಪ್ರಸಾಧನ ಜಾಹೀರಾತುಗಳನ್ನು ನಿಷೇಧಿಸಿತು. ಚಿತ್ರದಲ್ಲಿ ಕಾಣುವ ಚರ್ಮ ಆ ವಸ್ತುವಿನಿಂದಲೇ ಸಾಧ್ಯವೆಂದು ತಯಾರಕರು ತೋರಿಸಲಾರದೆ ಹೋದದ್ದು ಅದಕ್ಕೆ ಕಾರಣ. ಜಾಹೀರಾತಿನಲ್ಲಿ ರೂಪದರ್ಶಿಯನ್ನು ತೆಳ್ಳಗಾಗಿಸಿದ್ದರೆ ಅದನ್ನು ನಮೂದಿಸಬೇಕೆಂಬ ಕಾನೂನನ್ನು ಇಸ್ರೇಲ್ 2012ರಲ್ಲಿ ಮಾಡಿತು. ಫ್ರಾನ್ಸಿನಲ್ಲಿ 2017ರ ಅಕ್ಟೋಬರ್ 1ರಿಂದ ದೇಹದ ಆಕಾರವನ್ನು ತೆಳ್ಳಗೆ ಅಥವಾ ದಪ್ಪಗೆ ಮಾಡಿದ ವಾಣಿಜ್ಯ ಚಿತ್ರಗಳ ಮೇಲೆ 'ತಿದ್ದಿದ ಛಾಯಾಚಿತ್ರ' ಎಂದು ಅಚ್ಚು ಹಾಕುವುದು ಕಡ್ಡಾಯ. ತಪ್ಪಿದರೆ 37,500 ಯೂರೋ ದಂಡ. ಚರ್ಮದ ಕಲೆ ತೆಗೆಯುವುದಕ್ಕೆ ಈ ನಿಯಮ ಅನ್ವಯಿಸುವುದಿಲ್ಲ. ನಾರ್ವೆ 2022ರ ಜುಲೈಯಿಂದ ಜಾರಿಗೆ ತಂದ ಕಾನೂನು ಚರ್ಮವನ್ನೂ ಒಳಗೊಂಡಿದೆ. ಹಣ ಪಡೆದು ಸಾಮಾಜಿಕ ಮಾಧ್ಯಮಗಳಲ್ಲಿ ಪ್ರಚಾರ ಮಾಡುವವರಿಗೂ ಅನ್ವಯಿಸುತ್ತದೆ. ಅಮೆರಿಕದ ಡಾರ್ಟ್‌ಮತ್ ಕಾಲೇಜಿನ ಎರಿಕ್ ಕೀ ಮತ್ತು ಹ್ಯಾನಿ ಫರೀದ್ ಎಂಬ ಸಂಶೋಧಕರು 2011ರಲ್ಲಿ ಇನ್ನೊಂದು ದಾರಿ ತೋರಿಸಿದರು: ತಿದ್ದಲಾಗಿದೆ ಅಥವಾ ಇಲ್ಲ ಎಂದಷ್ಟೇ ಹೇಳದೆ, ಎಷ್ಟು ತಿದ್ದಲಾಗಿದೆ ಎಂಬುದನ್ನು ಗಣಿತದಿಂದ ಅಳೆದು 1ರಿಂದ 5ರವರೆಗೆ ಅಂಕ ಕೊಡಬಹುದು ಎಂಬುದು ಅವರ ಸಲಹೆ. ಮೊಡವೆ ತೆಗೆದದ್ದಕ್ಕೂ ಸೊಂಟ ಕತ್ತರಿಸಿದ್ದಕ್ಕೂ ಒಂದೇ ಮುದ್ರೆ ಒತ್ತುವುದಕ್ಕಿಂತ ಇದು ನ್ಯಾಯವಾದದ್ದೆಂದು ನನಗೆ ತೋರುತ್ತದೆ.

ಈಗಂತೂ ಈ ಕೆಲಸಕ್ಕೆ ಪತ್ರಿಕೆಯೂ ಬೇಡ, ತಜ್ಞನೂ ಬೇಡ. ಅನೇಕ ದೂರವಾಣಿಗಳ ಮುಂಬದಿಯ ಕ್ಯಾಮರಾದಲ್ಲಿ ಮುಖವನ್ನು ನಯಮಾಡುವ ಸೌಲಭ್ಯ ಸೇರಿಕೊಂಡಿದ್ದು, ಕೆಲವು ಮಾದರಿಗಳಲ್ಲಿ ನಾವು ಕೇಳದೆಯೇ ಅದು ಕೆಲಸ ಮಾಡುತ್ತಿರುತ್ತದೆ. ಅದನ್ನು ಹುಡುಕಿ ಆರಿಸಿ, ಅದೇ ಕಿಟಕಿಯ ಬೆಳಕಿನಲ್ಲಿ ಇನ್ನೊಂದು ಚಿತ್ರ ತೆಗೆದು ಎರಡನ್ನೂ ಹೋಲಿಸಿ ನೋಡಬಹುದು. ಅಚ್ಚಾದ ಪುಟದಲ್ಲಿ ತಿದ್ದುವಿಕೆಯನ್ನು ಗುರುತಿಸುವುದಕ್ಕೂ ಕೆಲವು ಕುರುಹುಗಳಿವೆ. ಮುಖವನ್ನು ಬಿಟ್ಟು ಕೈಯ ಗೆಣ್ಣುಗಳನ್ನು, ಕತ್ತನ್ನು, ಕಿವಿಯ ಹಾಲೆಯನ್ನು ನೋಡಬೇಕು; ಅವಸರದಲ್ಲಿ ತಿದ್ದುವವರು ಅಲ್ಲಿಗೆ ಬರುವಷ್ಟರಲ್ಲಿ ದಣಿದಿರುತ್ತಾರೆ, ವಯಸ್ಸು ಅಲ್ಲಿ ಉಳಿದಿರುತ್ತದೆ. ಸೊಂಟದ ಹಿಂದೆ ಬಾಗಿಲ ಚೌಕಟ್ಟೋ ಇಟ್ಟಿಗೆಯ ಗೋಡೆಯೋ ಇದ್ದರೆ ಅದರ ನೇರಗೆರೆ ಬಾಗಿದೆಯೇ ಎಂದು ಪರೀಕ್ಷಿಸಬೇಕು. ಕೆನ್ನೆಯಲ್ಲಿ ರೋಮಕೂಪಗಳಿದ್ದು ಹಣೆಯಲ್ಲಿ ಇಲ್ಲದಿದ್ದರೆ, ಅಥವಾ ಒಂದೇ ಬಗೆಯ ಮೂರು ಚುಕ್ಕೆಗಳ ಗುಂಪು ಎರಡು ಕಡೆ ಪುನರಾವರ್ತಿಸಿದ್ದರೆ, ಕುಂಚ ಅಲ್ಲಿ ಓಡಾಡಿದೆ. ಕೊನೆಗೆ ಕಣ್ಣಿನ ಪಾಪೆಗಳೆರಡನ್ನೂ ಭೂತಗನ್ನಡಿಯಲ್ಲಿ ನೋಡಿದರೆ, ಚಿತ್ರ ತೆಗೆದಾಗ ಉರಿಯುತ್ತಿದ್ದ ದೀಪ ಎಷ್ಟು ದೊಡ್ಡದಿತ್ತು, ಎಲ್ಲಿತ್ತು ಎಂಬುದು ಸಾಮಾನ್ಯವಾಗಿ ಅಲ್ಲಿ ಹಾಗೆಯೇ ಕಾಣಸಿಗುತ್ತದೆ; ಅದನ್ನು ಮಾತ್ರ ಯಾರೂ ಅಳಿಸುವುದಿಲ್ಲ.